ನೀರಿನ ಮಡಕೆಯಲ್ಲಿ ತೆಂಗಿನೆಣ್ಣೆ

ಮಡಕೆ ಕೆಡಿಸಿದವಳು ನಾನು. ಹುಡುಗಿಯ ಗಾಜಿನ ನಳಿಗೆಗಳೂ ಅಲ್ಲ, ಅವಳ ಮೇಷ್ಟ್ರ ಯಂತ್ರವೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ಅಘನಾಶಿನಿಯಲ್ಲಿ ನಮ್ಮ ಮನೆಯ ಹಿಂದೆ ಹೊಳೆದಂಡೆ. ಅಲ್ಲಿ ಚಿಪ್ಪು ಅಗೆಯುವಾಗ ಹಳೇ ಕಾಲದ ಮಡಕೆಚೂರು ಸಿಕ್ಕಿದ್ದವು. ಅವನ್ನು ಪರೀಕ್ಷೆ ಮಾಡಲು ದೊಡ್ಡ ಓದು ಓದುವ ಒಬ್ಬ ಹುಡುಗಿ ಬಂದಳು, ಹೊನ್ನಾವರದ ಕಡೆಯವಳು. ಮಣ್ಣು ಜಿಡ್ಡು ಕುಡಿದರೆ ಎಷ್ಟು ಕಾಲವಾದರೂ ಬಿಡುವುದಿಲ್ಲವಂತೆ. ಚೂರನ್ನು ಪುಡಿ ಮಾಡಿ, ಯಾವುದೋ ದ್ರವದಲ್ಲಿ ನೆನೆಸಿ ಯಂತ್ರಕ್ಕೆ ಹಾಕಿದರೆ ಅದರಲ್ಲಿ ಏನು ಬೇಯಿಸಿದ್ದರೆಂದು ತಿಳಿಯುತ್ತದಂತೆ. ಮೀನಿನ ಮಡಕೆ ಮೀನು ಬಿಡುವುದಿಲ್ಲವೆಂದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಯಂತ್ರ ಬೇಕಾಗಿರಲಿಲ್ಲ.

ಹಳೇ ಚೂರಿಗೆ ಹೋಲಿಸಲು ಹೊಸ ಮಡಕೆ ಬೇಕಿತ್ತು. ಸೌದೆ ಒಲೆ ಇನ್ನೂ ಉರಿಯುವುದು ನನ್ನ ಮನೆಯಲ್ಲೆಂದು ಐದು ಮಡಕೆ ತಂದಿಟ್ಟು ಹೋದಳು. ಒಂದರ ಬಾಯಿ ಮುಕ್ಕಾಗಿತ್ತು, ಅದನ್ನು ಬಚ್ಚಲ ಮೂಲೆಗೆ ಹಾಕಿದೆ. ವಾರ ಬಿಟ್ಟು ಬಂದು ಕೆಲಸ ಹೇಳಿದಳು. ಒಂದರಲ್ಲಿ ಹೊಳೆಯ ಚಿಪ್ಪುಮೀನು ಬಳಚು, ಒಂದರಲ್ಲಿ ಬಂಗಡೆ ಮೀನು, ಒಂದರಲ್ಲಿ ಅಕ್ಕಿ, ಕೊನೆಯದರಲ್ಲಿ ಬರೀ ನೀರು.

"ಅಡುಗೆಗೆ ಉಪ್ಪು, ಎಣ್ಣೆ, ಕಾಯಿ ಎಂತದೂ ಹಾಕೂಕಾಗ ಅಜ್ಜಿ."

"ಉಪ್ಪಿಲ್ಲದ ಬಳಚು ನಾಯಿಗೂ ಬ್ಯಾಡ."

"ತಿನ್ನೂಕಲ್ಲ."

"ಬರೀ ನೀರು ಎಂತಕ್ಕೆ?"

"ಅದ್ರಲ್ಲಿ ಏನೂ ಸಿಗೂಕಾಗ. ಸಿಕ್ರೆ ನನ್ನ ಕೆಲಸದಲ್ಲೇ ಕೊಳೆ ಉಂಟು ಅಂತ."

ಒಂದು ತಿಂಗಳು ದಿನಾ ಬೇಯಿಸಿದೆ. ಹೇಳಿದ್ದನ್ನು ಬಿಟ್ಟು ಒಂದು ಕಾಳು ಸಾಸಿವೆಯನ್ನೂ ಹಾಕಲಿಲ್ಲ. ಅವಳು ಮಡಕೆಗಳನ್ನು ಹೊತ್ತುಕೊಂಡು ಹೋದಳು.

ಮಳೆ ಮುಗಿಯುವ ಹೊತ್ತಿಗೆ ಮತ್ತೆ ಬಂದಳು, ಮುಖ ಸಣ್ಣದಾಗಿತ್ತು. ನಾನು ಜಗಲಿಯಲ್ಲಿ ಕಾಯಿ ತುರಿಯುತ್ತಿದ್ದೆ. ನಾಲ್ಕೂ ಮಡಕೆಯಲ್ಲಿ ತೆಂಗಿನೆಣ್ಣೆ ಸಿಕ್ಕಿದೆ ಎಂದಳು, ನೀರಿನದರಲ್ಲೂ. ಇವಳು ಪರೀಕ್ಷೆಯ ಗಾಜಿನ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಅವಳ ಮೇಷ್ಟ್ರು ಹೇಳಿದ್ದಾರೆ. ಹಾಗಾದರೆ ಹಳೇ ಚೂರುಗಳ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. ಎರಡು ವರ್ಷದ ಕೆಲಸ ಹೋಯಿತು, ಓದು ಬಿಡುತ್ತೇನೆ, ಹೇಳಿ ಹೋಗಲು ಬಂದೆ ಎಂದಳು.

ನಾನು ಎದ್ದು ಒಳಗೆ ಹೋದೆ. ಹೊಸ ಮಡಕೆಯನ್ನು ಪಳಗಿಸದೆ ಒಲೆಗೆ ಇಡುವುದುಂಟೇ? ನೀರಲ್ಲಿ ನೆನೆಸಿ, ಗಂಜಿತಿಳಿ ಕುದಿಸಿ, ಒಣಗಿಸಿ, ಒಳಗೂ ಹೊರಗೂ ತೆಂಗಿನೆಣ್ಣೆ ತಿಕ್ಕಿ ಸಣ್ಣ ಬೆಂಕಿಯಲ್ಲಿ ಕಾಯಿಸಬೇಕು. ಅವಳು ಮಡಕೆ ಇಟ್ಟುಹೋದ ವಾರದಲ್ಲಿ ಆ ನಾಲ್ಕಕ್ಕೂ ಅದನ್ನೇ ಮಾಡಿದ್ದೆ. ಅಕ್ಕಿ ತೊಳೆದೆ ಎಂದು ಯಾರಾದರೂ ಬಂದವರಿಗೆ ಹೇಳುತ್ತಾರೆಯೇ? ಇದೂ ಹಾಗೆ.

ಒಳಗಿದ್ದ ಸೊಸೆಗೆ ತಿಳಿದುಹೋಗಿತ್ತು. "ಅತ್ತೆ, ಬಾಯಿ ಬಿಡ್ಬೇಡಿ. ಅಜ್ಜಿ ಕೆಡಿಸ್ದಳು ಅಂತ ಊರೆಲ್ಲ ಆಡ್ಕೊಳ್ತದೆ."

"ಕೆಡ್ಸಿದ್ದು ಹೌದಲ್ಲ," ಎಂದು ಹೊರಗೆ ಬಂದೆ.

"ಎಣ್ಣೆ ನಾನೇ ತಿಕ್ಕಿದ್ದು, ಮಗಾ."

"ಬ್ಯಾಡ ಅಂದಿದ್ನಲ್ಲ ಅಜ್ಜಿ."

"ಅಡುಗೆಗೆ ಬ್ಯಾಡ ಅಂದೆ. ಅಡುಗೆಗೆ ಹಾಕ್ಲಿಲ್ಲ. ಪಳಗ್ಸೂಕೆ ತಿಕ್ಕಿದ್ದು."

"ನಮ್ಮಮ್ಮನೂ ತಿಕ್ತಿದ್ಳು," ಎಂದಳು. "ನಂಗೆ ನೆನಪೇ ಬರ್ಲಿಲ್ಲ."

ಮೇಷ್ಟ್ರಿಗೆ ಫೋನ್ ಹಚ್ಚಿಸಿ ನಾನೇ ಮಾತಾಡಿದೆ. ಯಾವ ಎಣ್ಣೆ, ಎಷ್ಟು ಸಲ, ಗಂಜಿತಿಳಿ ಎಷ್ಟು ಹೊತ್ತು ಕುದಿಸಿದಿರಿ ಎಂದು ಕೇಳಿ ಬರೆದುಕೊಂಡರು. ಹಿಂದಿನ ಕಾಲದವರೂ ಹೀಗೆ ಪಳಗಿಸುತ್ತಿದ್ದರೋ ಎಂದರು. ಅವರನ್ನು ನಾನು ಕಂಡಿಲ್ಲ ಎಂದೆ. ಪಳಗಿಸದ ಒಂದು ಮಡಕೆಯಲ್ಲಿ ಬರೀ ನೀರು ಕುದಿಸಿ ಕಳಿಸಿ, ಅದರಲ್ಲಿ ಏನೂ ಸಿಗದಿದ್ದರೆ ಹುಡುಗಿಯ ತಪ್ಪಲ್ಲವೆಂದು ಒಪ್ಪುತ್ತೇನೆ ಎಂದರು.

ಹುಡುಗಿ ಆ ರಾತ್ರಿ ನಮ್ಮಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಲಿಲ್ಲ. ಬೂದಿಯಲ್ಲಿ ಮೂರು ಸಲ ಕೈ ಉಜ್ಜಿ ತೊಳೆದೆ. ಬಚ್ಚಲ ಮೂಲೆಯಿಂದ ಆ ಮುಕ್ಕು ಮಡಕೆ ತಂದು, ನೀರು ತುಂಬಿ ಒಲೆಗೆ ಇಟ್ಟೆ. ಪಳಗದ ಮಡಕೆ ಮೈಯೆಲ್ಲ ಬೆವರಿತು, ಹನಿ ಕೆಂಡದ ಮೇಲೆ ಬಿದ್ದು ಚುಯ್ ಎಂದಿತು. ಕೈ ತಾನಾಗಿ ಎಣ್ಣೆ ಬಾಟಲಿಯ ಕಡೆ ಹೋಯಿತು. ಸೊಸೆಯನ್ನು ಕರೆದು, ಆ ಬಾಟಲಿ ಎತ್ತಿಕೊಂಡು ಹೋಗಿ ನಿನ್ನ ಕೋಣೆಯಲ್ಲಿಡು ಎಂದೆ. ಆಮೇಲೆ ಒಂದು ಸೌದೆ ಹಿಂದಕ್ಕೆ ಎಳೆದು, ಸಣ್ಣ ಉರಿಯಲ್ಲಿ ನೀರು ಕುದಿಸಿದೆ.