ಕೆಳಗೇನೂ ಇಲ್ಲದ ಗೆರೆ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಿಸೇಬೀಜದಷ್ಟು ದಪ್ಪ ಜಡ್ಡು ಕಟ್ಟಿತ್ತು. ಮೂವತ್ತು ವರ್ಷ ಪೆನ್ನು ಒತ್ತಿದ ಜಾಗ. ಕಪ್ಪು ಮಸಿ ಅದರೊಳಕ್ಕೆ ಎಷ್ಟು ಆಳವಾಗಿ ಇಳಿದಿತ್ತೆಂದರೆ, ಸೀಗೆಪುಡಿ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲವೂ ಸೋತು ಹಿಂದೆ ಸರಿದಿದ್ದವು. ಅನ್ನ ಕಲಸುವಾಗ ಆ ಬೆರಳೊಂದನ್ನು ಸ್ವಲ್ಪ ಎತ್ತಿ ಹಿಡಿಯುತ್ತಿದ್ದರು, ಅದು ಸರ್ಕಾರದ ಆಸ್ತಿಯೆಂಬಂತೆ.

ಅವಲಪಲ್ಲಿಯ ನನ್ನ ಮನೆಯ ಮಹಡಿಯಲ್ಲಿ ಅವರು ಹದಿನಾಲ್ಕು ವರ್ಷ ಒಬ್ಬರೇ ಇದ್ದರು. ಬೀದಿಯವರೆಲ್ಲ ಟ್ರೇಸರಮ್ಮ ಎನ್ನುತ್ತಿದ್ದರು. ಕಂಪ್ಯೂಟರು ಬರುವ ಮೊದಲು ಇಂಜಿನಿಯರುಗಳ ಕಚೇರಿಯಲ್ಲಿ ಟ್ರೇಸರ್ ಎಂಬ ಹುದ್ದೆಯಿತ್ತು. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕೆಳಗೆ ಕಂಡ ಗೆರೆಯನ್ನು ಮೇಲೆ ಮಸಿಯಲ್ಲಿ ಎಳೆಯುವುದು ಕೆಲಸ. ಕೆಳಗಿದ್ದದ್ದೆಲ್ಲ ಮೇಲೆ ಬರಬೇಕು, ಇಲ್ಲದ್ದು ಬರಕೂಡದು. ಒಮ್ಮೆ ಯಾವುದೋ ಮೋರಿಯ ನಕ್ಷೆಯ ಮೇಲೆ ಇರುವೆಯೊಂದು ಸತ್ತು ಅಂಟಿಕೊಂಡಿತ್ತಂತೆ. ಇವರು ಅದನ್ನೂ ಆರು ಕಾಲು ಸಮೇತ ಎಳೆದಿಟ್ಟರು.

"ಏನಮ್ಮಾ ಇದು?" ಎಂದರಂತೆ ಇಂಜಿನಿಯರು.

"ಕೆಳಗಡೆ ಇತ್ತು ಸಾರ್."

"ಇರುವೆ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಸಾರ್. ಬೇಡ ಅನ್ನಕ್ಕೆ ನಾನ್ಯಾರು?"

ಈ ಉತ್ತರದಲ್ಲಿ ವಿನಯವೆಷ್ಟು, ಕುಚೋದ್ಯವೆಷ್ಟು ಎಂಬುದನ್ನು ನಾನು ಕೊನೆಯವರೆಗೂ ಅಳೆಯಲಾರದೇ ಹೋದೆ.

ನಿವೃತ್ತಿಯ ಮೇಲೆ ಅವರು ಕೈಗೆತ್ತಿಕೊಂಡದ್ದು ರಾಯಕೋಟೆಯ ನಕ್ಷೆ. ಈಗಿನ ಬಸ್ ಸ್ಟ್ಯಾಂಡಿನ ರಾಯಕೋಟೆಯಲ್ಲ, ಪಾಳೇಗಾರರ ಕಾಲದಲ್ಲಿ ಬೆಟ್ಟದ ಕೆಳಗೆ ಗೋಡೆಯೊಳಗಿದ್ದ ಪೇಟೆ. ಬೀದಿ, ಬಾವಿ, ಗಾಣ, ಗುಡಿ, ಮನೆ, ಒಂದೊಂದೂ ಕೈಯಲ್ಲೇ. ಎರಡು ಮೇಜು ಜೋಡಿಸಿದರೂ ಸಾಲದಷ್ಟು ದೊಡ್ಡ ಹಾಳೆ. ಭಾನುವಾರ ಬೆಳಿಗ್ಗೆ ಹೊಸೂರಿನಲ್ಲಿ ಬಸ್ಸು ಹತ್ತುತ್ತಿದ್ದರು, ಜೊತೆಗೆ ನಾನು. ಕನ್ನಡ ಮೇಷ್ಟರ ಕೆಲಸ ಮುಗಿದು, ಹೆಂಡತಿಯೂ ಹೋಗಿ, ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸ ತಿಳಿಯದೆ ಕೂತಿದ್ದವನಿಗೆ ಟೇಪಿನ ತುದಿ ಹಿಡಿಯುವ ಗೌರವ ಹುದ್ದೆಯನ್ನು ದಯಪಾಲಿಸಿದ್ದರು. ಒಂಬತ್ತು ವರ್ಷ, ಒಂದು ಬಡ್ತಿಯೂ ಇಲ್ಲದೆ, ಆ ಸೇವೆಯನ್ನು ಕಳಂಕರಹಿತವಾಗಿ ಸಲ್ಲಿಸಿದೆ. ಒಂದೇ ಒಂದು ಕಳಂಕ ಬಿಟ್ಟರೆ, ಅದಕ್ಕೆ ಬರುತ್ತೇನೆ.

ಅವರದೊಂದು ಕಾನೂನಿತ್ತು: ಒಂದು ಕಲ್ಲು, ಎರಡು ಬಾಯಿ. ನೆಲದಲ್ಲಿ ತಳಪಾಯದ ಕಲ್ಲೊಂದಾದರೂ ಉಳಿದಿರಬೇಕು, ಬೇರೆ ಬೇರೆ ಮನೆಯ ಇಬ್ಬರು ಅದರ ಬಗ್ಗೆ ಒಂದೇ ಮಾತು ಹೇಳಬೇಕು. ಆಗ ಮಾತ್ರ ಹಾಳೆಯ ಮೇಲೆ ಗೆರೆ. ಸುದ್ದಿ ಹರಡಿ, ನಾವು ಟೀ ಅಂಗಡಿಯಲ್ಲಿ ಕೂತರೆ ಅಲ್ಲಿಗೇ ಅರ್ಜಿಗಳು ಬರತೊಡಗಿದವು.

"ನಮ್ ತಾತನ ತಾತನ ಮನೆ ಅರಮನೆ ಪಕ್ಕದಾಗೇ ಇತ್ತಮ್ಮಾ, ಆಕ್ಬುಡು," ಎಂದ ಒಬ್ಬ ಮುದುಕ.

"ಕಲ್ಲು ಏನಾದ್ರೂ ಉಳ್ದಿದೆಯಾ ತಾತ?"

"ಕಲ್ಲು ಯಾಕಮ್ಮಾ, ನಾನಿಲ್ವಾ?"

"ನಿಮ್ಮನ್ನ ಅಳತೆ ಮಾಡಕ್ಕಾಗಲ್ವಲ್ಲ."

ಪಕ್ಕದ ಬೆಂಚಿನಲ್ಲಿದ್ದ ಅವನ ವಾರಿಗೆಯವನು ಲೋಟ ಕೆಳಗಿಟ್ಟ. "ಏಯ್, ನಿಮ್ ತಾತ ನಮ್ಮನೆ ದನ ಕಾಯ್ಕೊಂಡಿದ್ದೋನು ಕಣ್ಲಾ! ಅರಮನೆಯಂತೆ, ಅರಮನೆ!"

ಎರಡನೇ ಬಾಯಿ ಹೀಗೆ ತೆರೆದ ಮೇಲೆ ಅರ್ಜಿ ತಾನಾಗಿಯೇ ವಜಾ ಆಯಿತು. ಕೇಳಿದವರಿಗೆಲ್ಲ ಅರಮನೆಯ ಪಕ್ಕದಲ್ಲಿ ಜಾಗ ಕೊಟ್ಟಿದ್ದರೆ ಆ ಪಾಳೇಗಾರ ಉಸಿರು ಕಟ್ಟಿ ಸಾಯಬೇಕಿತ್ತು.

ಒಂದು ಮಧ್ಯಾಹ್ನ ಮಹಡಿಯಿಂದ ಮಾತು ಕೇಳಿಸಿತು. "ಏನಕ್ಕಾ, ಊಟ ಆಯ್ತಾ? ... ಮಗಳು ಬಂದವಳಾ? ... ಸರಿ, ಬತ್ತೀನಿ." ಅವರ ಮನೆಗೆ ನೆಂಟರು ಬಂದದ್ದನ್ನು ನಾನು ಕಂಡವನಲ್ಲ. ಸಂತೋಷದಿಂದ ಎರಡು ಲೋಟ ಕಾಫಿ ಹಿಡಿದು ಮೆಟ್ಟಿಲು ಹತ್ತಿದೆ. ನೆಂಟರಿರಲಿಲ್ಲ. ಅವರು ಹಾಳೆಯ ಮೇಲೆ ಬಗ್ಗಿ, ಪೆನ್ಸಿಲಿನ ಹಿಂಬದಿಯನ್ನು ಒಂದು ಓಣಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ನನ್ನನ್ನು ಕಂಡು ಕೆನ್ನೆ ಕೆಂಪಾಯಿತು.

"ಗಾಣದ ಬೀದಿಲಿ ಹೋಗ್ತಿದ್ದೆ ಮೇಷ್ಟ್ರೇ. ಎದುರಿಗೆ ಸಿಕ್ಕಿದ್ರೆ ಸುಮ್ನೆ ಹೋಗಕ್ಕಾಗುತ್ತಾ?"

ಎರಡನೇ ಲೋಟವನ್ನು ನಾನೇ ಕುಡಿದೆ. ಕುಡಿಯುತ್ತಾ, ಮಾತಿಗೆಂದು ಕೇಳಿದೆ: "ಇಷ್ಟು ಜನರ ಮನೆ ಇದೆ. ನಿಮ್ಮದು ಯಾವುದು?"

ಅವರು ಪೆನ್ಸಿಲನ್ನು ಪಡುವಣ ಗೋಡೆಯವರೆಗೆ ತಂದು, ಒಬ್ಬರು ತಲೆ ಬಗ್ಗಿಸಿ ದಾಟುವಷ್ಟು ಚಿಕ್ಕದಾದ ದಿಡ್ಡಿ ಬಾಗಿಲಿನಿಂದ ಹೊರಗಿಟ್ಟರು. ಅಲ್ಲಿ ಹಾಳೆ ಬೆಳ್ಳಗಿತ್ತು. ಅವರ ಹಿರಿಯರು ಬುಟ್ಟಿ ಹೆಣೆಯುವ ಮೇದರು, ಗೋಡೆಯ ಹೊರಗಿದ್ದವರು. ಅಜ್ಜಿ ಗುಡಿಸಲುಗಳನ್ನು ಎಣಿಸಿ ಹೇಳುತ್ತಿದ್ದಳಂತೆ, ಹನ್ನೊಂದು ಎಂದು. ಆದರೆ ಬಿದಿರು ತಳಪಾಯ ಬಿಟ್ಟುಹೋಗುವ ವಸ್ತುವಲ್ಲ. ಕಲ್ಲಿಲ್ಲ. ಬಾಯಿ ಒಂದೇ, ಅದೂ ಎಂದೋ ಮುಚ್ಚಿದ್ದು.

"ಬರೆದುಬಿಡಿ, ಯಾರು ಕೇಳ್ತಾರೆ?" ಎಂದೆ.

"ಕೆಳಗೆ ಏನೂ ಇಲ್ವಲ್ಲ ಮೇಷ್ಟ್ರೇ."

ಹಾಳೆಯ ಮೇಲೆ ಊರಿಗೆ ಊರನ್ನೇ ಕಟ್ಟಿದವರಿಗೆ ಆ ಊರಿನಲ್ಲಿ ನೆಲೆಯಿರಲಿಲ್ಲ. ಪ್ರತಿ ಸಲವೂ ಅಳತೆ ಮುಗಿದ ಮೇಲೆ ಗೋಡೆಯಾಚೆಯ ಟೊಮೇಟೊ ಹೊಲಕ್ಕೆ ಹೋಗಿ, ಸಾಲುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದರು. ಹಣ್ಣು ಕೀಳುತ್ತಿದ್ದ ಹೆಂಗಸು ಒಮ್ಮೆ ಕನಿಕರದಿಂದ ಕೇಳಿದಳು: "ಏನ್ ಬೀಳಿಸ್ಕೊಂಡ್ಯಮ್ಮಾ? ಓಲೆನಾ?"

"ಓಲೆ ಅಲ್ಲಮ್ಮ, ಮನೆ."

ಅವಳು ನನ್ನ ಕಡೆ ತಿರುಗಿ, ಇವರನ್ನು ಜೋಪಾನವಾಗಿ ಕರೆದುಕೊಂಡು ಹೋಗು ಎಂಬಂತೆ ಕಣ್ಣಲ್ಲೇ ಹೇಳಿದಳು.

ಅಂದು ಹಿಂದಿರುಗುವ ಬಸ್ಸಿನಲ್ಲಿ ನಾನು ಕಳಂಕ ಹಚ್ಚಿಕೊಂಡೆ. ಆಗ ತಾನೇ ನೆನಪಾದವನಂತೆ, "ಅಂದ ಹಾಗೆ, ನಮ್ಮಜ್ಜಿ ಹೇಳ್ತಿದ್ದರು. ರಾಯಕೋಟೆ ದಿಡ್ಡಿ ಬಾಗಿಲ ಆಚೆ ಮೇದರ ಗುಡಿಸಲು ಸಾಲಾಗಿದ್ದವಂತೆ," ಎಂದೆ.

"ಯಾವ ಅಜ್ಜಿ?"

"ಅಮ್ಮನ ಅಮ್ಮ."

"ಬಾಗಲೂರೋರಾ?"

"ಹೂಂ."

"ನೀವು ಹುಟ್ಟಕ್ ಮುಂಚೇನೇ ಹೋಗ್ಬುಟ್ರು ಅಂದಿದ್ರಲ್ಲ ಮೇಷ್ಟ್ರೇ?"

ಜೀವಮಾನವೆಲ್ಲ ಮಕ್ಕಳ ಸುಳ್ಳು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದವನು ಸೀಟಿನಲ್ಲೇ ಕುಗ್ಗಿದೆ. ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: "ಒಂದು ಸುಳ್ಳು ಗೆರೆ ಬಿದ್ರೆ ಮಿಕ್ಕ ಗೆರೆಗಳನ್ನ ಯಾರ್ ನಂಬ್ತಾರೆ?"

ಮುಂದಿನ ಭಾನುವಾರ ಒಬ್ಬರೇ ಹೋದರು. ಟೇಪಿನ ತುದಿಯನ್ನು ಕಲ್ಲಿಗೆ ಕಟ್ಟಿಕೊಂಡರೆಂದು ಆಮೇಲೆ ತಿಳಿಯಿತು. ನನ್ನ ಹುದ್ದೆಗೆ ಒಂದು ಕಲ್ಲು ನೇಮಕವಾಗಿತ್ತು. ಅದು ನನಗಿಂತ ಗಟ್ಟಿಯಾಗಿ ನಿಂತಿತೆಂಬುದರಲ್ಲಿ ಸಂಶಯವಿಲ್ಲ. ನಾಲ್ಕು ಭಾನುವಾರ ಹೀಗೆ ಕಳೆದವು. ನಾನು ಕೆಳಗೆ ಕೂತು ಅವರ ಚಪ್ಪಲಿ ಮೆಟ್ಟಿಲಿಳಿಯುವುದನ್ನೂ ಸಂಜೆ ಹತ್ತುವುದನ್ನೂ ಕೇಳಿಸಿಕೊಂಡೆ. ಐದನೆಯ ಭಾನುವಾರ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರು.

"ಕಲ್ಲು ಮಾತಾಡಲ್ಲ ಮೇಷ್ಟ್ರೇ. ನಡೀರಿ, ಬಸ್ಸಿಗೆ ಹೊತ್ತಾಯ್ತು."

ಆಮೇಲೆ ಕಣ್ಣು ಕೈಕೊಟ್ಟಿತು. ನೇರ ಗೆರೆ ನಡುವೆ ಹಾವಿನಂತೆ ಬಾಗಿ ಕಾಣುತ್ತಿದೆ ಎಂದರು. ಕಣ್ಣಿನ ನಡುಭಾಗ ಸವೆದಿದೆ, ಸೂಜಿಮದ್ದಿನಿಂದ ಸವೆತ ನಿಧಾನವಾದೀತು, ನಿಲ್ಲದು ಎಂದರು ಹೊಸೂರಿನ ಡಾಕ್ಟರು. ಬೇರೆಯವರಿಗಾದರೆ ಓದಲು ತೊಂದರೆ. ಇವರು ಜೀವನವಿಡೀ ಗೆರೆಯೊಂದನ್ನೇ ನಂಬಿದವರು. ಗೋಡೆಯೊಳಗಿನ ಕೆಲಸವನ್ನು ಭೂತಗನ್ನಡಿ ಹಿಡಿದು ಮುಗಿಸಿದರು. ದಿಡ್ಡಿ ಬಾಗಿಲಿನ ಆಚೆ ಬಿಳುಪು ಹಾಗೇ ಇತ್ತು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನಿಂದ ಕರೆದರು. "ಈ ಮೂಲೆ ಒತ್ತಿ ಹಿಡ್ಕೊಳಿ."

ಕೈಯಲ್ಲಿ ಮಸಿ ತುಂಬಿದ ಪೆನ್ನಿತ್ತು. ಸ್ಕೇಲು ಇರಲಿಲ್ಲ.

"ಕಲ್ಲು ಸಿಕ್ಕಿತಾ?" ಎಂದೆ.

"ಇಲ್ಲ."

"ಬಾಯಿ?"

"ನಮ್ಮಜ್ಜಿದೊಂದೇ. ಕೇಳಿಸ್ಕೊಂಡ ಕಿವಿ ನಂದೊಂದೇ. ಇದೂ ಹೋದ್ರೆ ಮುಗೀತಲ್ಲ."

ಪೆನ್ನಿನ ಮೊನೆ ಹಾಳೆಯವರೆಗೆ ಬಂದು ಎರಡು ಸಲ ಹಿಂದೆ ಸರಿಯಿತು. ಕಣ್ಣಿನ ದೆಸೆಯಿಂದಲ್ಲ, ಕೆಳಗೆ ಯಾವ ಗೆರೆಯೂ ಇಲ್ಲದೆ ಆ ಕೈ ಹಿಂದೆಂದೂ ನಡೆದಿರಲಿಲ್ಲ. ಮೊದಲ ಗುಡಿಸಲಿಗೆ ಕಾಲು ಗಂಟೆ ಹಿಡಿಯಿತು. ಒಂದನೇ ತರಗತಿಯ ಮಗು ಬರೆದಂತೆ ಗೋಡೆ ವಾಲಿತ್ತು. ಕೆರೆದು ಅಳಿಸಲು ಬ್ಲೇಡು ಕೊಡಲೇ ಎಂದರೆ ಬೇಡವೆಂದು ತಲೆಯಾಡಿಸಿದರು. ಎರಡನೆಯದು, ಮೂರನೆಯದು. ಬಿದಿರಿನ ರಾಶಿ. ಒಂದು ನಾಯಿ.

"ನಾಯಿ ಇತ್ತು ಅಂದಿದ್ದರಾ ಅಜ್ಜಿ?"

"ಕೇರಿ ಅಂದ್ಮೇಲೆ ನಾಯಿ ಇಲ್ದೆ ಇರುತ್ತಾ?"

ಹನ್ನೊಂದು ಮುಗಿಯಿತು. ಪೆನ್ನು ಕೆಳಗಿಡುತ್ತಾರೆಂದುಕೊಂಡೆ. ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ಎಳೆದರು.

"ಇದು ಯಾರದ್ದು?"

"ನಿಮ್ಮದು."

"ನಮ್ಮೋರು ಬಾಗಲೂರೋರು. ಬಸ್ಸಲ್ಲಿ ನೀವೇ ಹಿಡಿದಿರಿ."

"ಗೊತ್ತು. ಅಲ್ಲಿ ಈಗ ಯಾರಿದಾರೆ ನಿಮಗೆ? ಬಂದು ಸೇರ್ಕೊಳ್ಳಿ."

ಸುಳ್ಳು ಗೆರೆಯ ಬಗ್ಗೆ ಅವರೇ ಹೇಳಿದ ಮಾತನ್ನು ಅವರಿಗೇ ಒಪ್ಪಿಸಬಹುದಿತ್ತು. ಬದಲಿಗೆ ಮೂಲೆಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ.

ಈ ಸಲ ಮಾವು ಹೂಬಿಡುವ ಹೊತ್ತಿಗೆ ಅವರಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ತಮ್ಮನ ಮಗಳು ಬಂದು ಕೃಷ್ಣಗಿರಿಗೆ ಕರೆದುಕೊಂಡು ಹೋದಳು. ಕಾಯಿ ಮಾಗುವ ಮುಂಚೆ ಸುದ್ದಿ ಬಂತು. ಪಾತ್ರೆ, ಟ್ರಂಕು ಅವಳು ಒಯ್ದಳು. ಹಾಳೆಯ ಸುರುಳಿಯ ಮೇಲೆ 'ಮೇಷ್ಟ್ರಿಗೆ' ಎಂದು ಬರೆದಿತ್ತು, ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡು.

ಹೋದ ತಿಂಗಳು ಕಾಲೇಜಿನ ಅಧ್ಯಾಪಕರೊಬ್ಬರು ನಕ್ಷೆ ನೋಡಲು ಬಂದಿದ್ದರು. ಇಡೀ ದಿನ ನೋಡಿದರು, ಬೆರಗಾದರು, ಅಚ್ಚು ಹಾಕಿಸೋಣ ಎಂದರು. ಕೊನೆಗೆ ಪಡುವಣ ಮೂಲೆಗೆ ಬಂದು ಕನ್ನಡಕ ಸರಿಪಡಿಸಿಕೊಂಡರು.

"ಇದೊಂದು ಭಾಗ ಬೇರೆ ಕೈ ಥರ ಇದೆ ಸಾರ್. ತೆಗೆದುಬಿಡೋಣ. ಈ ಹನ್ನೆರಡು ಮನೆಗೆ ಸಾಕ್ಷಿ ಏನಾದರೂ ಇದೆಯಾ?"

"ಇದೆ," ಎಂದೆ. "ಆ ಕೊನೇ ಮನೇಲಿ ಇರೋನು ನಾನೇ."