ವೀರಭದ್ರಪ್ಪನವರ ದೋಣಿ

ರೈಲ್ವೆಯಿಂದ ನಿವೃತ್ತರಾದ ಧಾರವಾಡದ ವೀರಭದ್ರಪ್ಪನವರ ಹತ್ತಿರ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು: ಕೊಲ್ಕತ್ತೆಯ ಲೇಕ್ ಗಾರ್ಡನ್ಸ್ ಪಕ್ಕದ ಸರೋವರದಲ್ಲಿ ದೋಣಿ ನಡೆಸುವುದು. ಪರೀಕ್ಷೆಯಲ್ಲಿ ಫೇಲಾದವರು, ಪ್ರೀತಿಯಲ್ಲಿ ಸೋತವರು, ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ನಿದ್ದೆ ಕಳೆದುಕೊಂಡವರು, ಹೀಗೆ ಕನ್ನಡದವರ ಮಕ್ಕಳು ಯಾರೇ ಮಂಕಾದರೂ ಬೆಳಗಾಗುವಷ್ಟರಲ್ಲಿ ತಾವೇ ಹೋಗಿ ಅವರ ಬಾಗಿಲು ಬಡಿಯುತ್ತಾರೆ, ನೆಗಡಿಯಾದವರನ್ನೂ ಬಿಟ್ಟವರಲ್ಲ. "ಡಾಕ್ಟರ್ ಗುಳಿಗಿ ಕೊಡ್ಲಿ, ನಾ ನೀರ ಕೊಡ್ತೇನಿ" ಎನ್ನುತ್ತಾರೆ. "ಆ ಮೊಬೈಲ್ ಒಳಗ ಇಡೋ, ಮೀನ ನಿನಗ ಫೋನ್ ಮಾಡಂಗಿಲ್ಲ" ಎಂದು ಗದರುತ್ತಾರೆ. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ದೋಣಿ ಬಿಟ್ಟ ಮೇಲೆ ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ. ದಡ, ಮರ, ಊರು ಒಂದೊಂದಾಗಿ ಮಂಜಿನಲ್ಲಿ ಕರಗುವುದನ್ನು ನೋಡುತ್ತ ಸುಮ್ಮನೆ ಕೂರುತ್ತಾರೆ. ಈ ಚಳಿಗಾಲ ಅವರ ದೋಣಿ ಹತ್ತಿದವಳು ಪೂರ್ವಿ. ಬದುಕೇ ಬೇಡವೆಂದು ಹೊರಟು ಹೇಗೋ ಉಳಿದುಕೊಂಡ ಹುಡುಗಿ. ಅಂದಿನಿಂದ ಹೆತ್ತ ತಾಯಿಯೊಡನೆಯೂ ಮಾತಿಲ್ಲ. ಮೊದಲ ದಿನವೇ, ನಡುನೀರಿನಲ್ಲಿ ಅವಳ ಕೈ ಸಡಿಲವಾಗಿದ್ದನ್ನು ಕಂಡು ಅವರು, "ಹುಟ್ಟು ಬಿಡಬ್ಯಾಡವಾ!" ಎಂದು ಕೂಗಿದರು. ಕೊಲ್ಕತ್ತೆಯಲ್ಲೇ ಬೆಳೆದ ಅವಳಿಗೆ ಹುಟ್ಟುಹಬ್ಬದ ಹುಟ್ಟು ಗೊತ್ತೇ ಹೊರತು ದೋಣಿಯ ಹುಟ್ಟು ಗೊತ್ತಿಲ್ಲ. ಅವರತ್ತ ತಿರುಗಿದಳು. "ಅಂಕಲ್, ಹುಟ್ಟು ಅಂದ್ರೆ ಬರ್ತ್ ತಾನೆ? ಅದನ್ನ ಬಿಡಬಾರದಾ?" ಎಂದಳು. ಅವಳ ಕೈಯಲ್ಲಿದ್ದ ಮರದ ಹುಟ್ಟನ್ನು ತೋರಿಸಿ ತಿದ್ದಲು ಬೆರಳೆತ್ತಿದ ವೀರಭದ್ರಪ್ಪನವರು ಹಾಗೇ ಅದನ್ನು ಮಡಚಿಕೊಂಡರು. "ಹೌದವಾ," ಎಂದರು, "ಬಿಡಬಾರ್ದು." ಅವಳ ಹಿಡಿ ಮೆಲ್ಲಗೆ ಬಿಗಿಯಾಯಿತು.