ಸಾಕ್ಷಿಯಲ್ಲಿ ಬಿಟ್ಟದ್ದು

ನನ್ನ ಗಂಡನ ಕಾಲು ವಾಸಿಯಾದ ಕಥೆಯನ್ನು ಹುಮನಾಬಾದಿನ ನಮ್ಮ ಚರ್ಚಿನಲ್ಲಿ ಕೇಳದವರಿಲ್ಲ. ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ಮೊದಲು ಎದ್ದು ನಿಲ್ಲುತ್ತಿದ್ದವರೇ ಅವರು. ನಮ್ಮಲ್ಲಿ ಸಾಕ್ಷಿ ಅಂದರೆ ಕೋರ್ಟಿನದಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ, ಇಂಜಿನ್ ಸದ್ದಿನ ಮೇಲೆ ಮಾತಾಡಿ ರೂಢಿ. ಮೈಕು ಬೇಕಾಗುತ್ತಿರಲಿಲ್ಲ.

"ಸಕ್ಕರಿ ಬ್ಯಾನಿಯಿಂದ ಕಾಲ್ ಕೊಳ್ತಿತ್ತು. ಕಡೀಬೇಕು ಅಂದ್ರು ಡಾಕ್ಟರು. ನಾ ಒಲ್ಲೆ ಅಂದೆ. ಮನಿಗಿ ಬಂದು ಪ್ರಾರ್ಥನಾ ಮಾಡ್ದೆ. ಎಂಟ್ ತಿಂಗಳಿಗಿ ಇದೇ ಕಾಲಿನ ಮ್ಯಾಲ ನಡ್ಕೋತ ಬಂದೀನಿ, ನೋಡ್ರಿ!" ಅಂತ ಪ್ಯಾಂಟು ಮೇಲೆತ್ತಿ ತೋರಿಸುತ್ತಿದ್ದರು. ಎಲ್ಲರೂ ಸ್ತೋತ್ರ, ಸ್ತೋತ್ರ ಅನ್ನುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕುಳಿತು ನಾನೂ ಅನ್ನುತ್ತಿದ್ದೆ.

ಆ ಎಂಟು ತಿಂಗಳು ದಿನಕ್ಕೆರಡು ಸಲ ಆ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವಳು, ಕೀವು ನೋಡಿ ಹೆದರುವ ಪೈಕಿ ಅಲ್ಲ. ಇನ್ಸುಲಿನ್ ಚುಚ್ಚಿದೆ, ತಪ್ಪದೆ ಡಾಕ್ಟರ ಬಳಿ ಕರೆದುಕೊಂಡು ಹೋದೆ, ಕದ್ದು ತಿಂದ ಜಿಲೇಬಿಗೆ ಬೈದೆ. ಅವರ ಸಾಕ್ಷಿಯಲ್ಲಿ ಇದಾವುದೂ ಇರಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ: "ಹಂಗಾದ್ರ ನಾ ಏನ್ ಮಣ್ಣ್ ಹೊತ್ತೀನೇನು?"

"ನಿನ್ನ ಕಳ್ಸಿದಾಂವ ಯಾರು? ಅವನ ಹೆಸರು ತಗೊಂಡೆ ಅಂದ್ರ ನಿನ್ನ ಹೆಸರೂ ಅದರಾಗೇ ಬಂತಲ್ಲ!"

ನಕ್ಕುಬಿಟ್ಟೆ. ಸಾಕ್ಷಿಯ ರೀತಿಯೇ ಹಾಗೆ. ಅದರಲ್ಲಿ ಡಾಕ್ಟರು, ಮಾತ್ರೆ, ಹೆಂಡತಿ ಇವರಿಗೆಲ್ಲ ಜಾಗ ಕಡಿಮೆ.

ಕಾಲು ವಾಸಿಯಾದ ಎರಡನೇ ವರ್ಷ, ಮಧ್ಯಾಹ್ನ ಉಂಡು ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರು. ಹೃದಯ. ಕಾಲು ಚೆನ್ನಾಗಿಯೇ ಇತ್ತು.

ನಾನು ಅಳಲಿಲ್ಲ. ಬಂದವರಿಗೆ ಚಾ ಮಾಡಿಕೊಟ್ಟೆ, ಸಮಾಧಿಗೆ ಮಣ್ಣು ಹಾಕಿದೆ, ಮನೆಗೆ ಬಂದು ಪಾತ್ರೆ ತೊಳೆದೆ. ಭಾಳ ಗಟ್ಟಿ ಹೆಣಮಗಳು ಅಂದರು ಜನ. ಗಟ್ಟಿಯೂ ಇಲ್ಲ, ಸುಡುಗಾಡೂ ಇಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಮೊಳೆ ಹೊಕ್ಕರೂ ಗೊತ್ತಾಗುವುದಿಲ್ಲವಲ್ಲ, ನನಗೆ ಹಾಗಾಗಿತ್ತು. ಚರ್ಚಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಹಾಡುವಾಗ ತುಟಿ ಆಡಿಸುತ್ತಿದ್ದೆ.

ಒಮ್ಮೆಯಾದರೂ ಫಾರಿನ್ನಿಗೆ ಹೋಗಿ ಗುರುತಿಲ್ಲದ ಜನರಿಗೆ ಸಾಕ್ಷಿ ಹೇಳಬೇಕು ಅನ್ನುವುದು ನನ್ನ ಗಂಡನ ಆಸೆಯಾಗಿತ್ತು. ಪಾಸ್‌ಪೋರ್ಟ್ ಮಾಡಿಸುತ್ತೇನೆ, ಮಾಡಿಸುತ್ತೇನೆ ಅನ್ನುತ್ತಲೇ ಹೋದರು. ನನ್ನ ಬಳಿಯೂ ಇರಲಿಲ್ಲ. ಹಾಗಾಗಿ ಅವರ ಬದಲು ನಾನೇ, ಪಾಸ್‌ಪೋರ್ಟ್ ಬೇಡದ ನೇಪಾಳಕ್ಕೆ ಹೊರಟೆ. ಪಕ್ಕದ ಮನೆಯಾಕೆ, "ವೋಟರ್ ಕಾರ್ಡ್ ತೋರ್ಸಿ ಹೋಗೋದು ಎಂಥಾ ಫಾರಿನ್‌ರಿ ನರ್ಸಬಾಯಿ?" ಅಂತ ಕಾಡಿದಳು. ಅಲ್ಲಿ ಯಾರನ್ನೂ ಮತಕ್ಕೆ ಕರೆಯಬಾರದು, ಕಾನೂನಿದೆ ಅಂತ ಪಾಸ್ಟರ್ ಎಚ್ಚರಿಸಿದರು. ನಾನು ಯಾರನ್ನು ಕರೆಯಲಿ? ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿ ಬರುತ್ತೇನೆ ಅಂದೆ.

ಸಿಕಂದರಾಬಾದಿನಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಗಡಿಗೆ ಬಸ್ಸು, ಗಡಿ ದಾಟಿದ್ದು ನಡೆದುಕೊಂಡು. ಜೀವನದಲ್ಲಿ ಮೊದಲ ಸಲ ಬೇರೆ ದೇಶದಲ್ಲಿ ಕಾಲಿಟ್ಟಾಗ ಏನಾದರೂ ಅನಿಸಬೇಕಿತ್ತು. ಏನೂ ಅನಿಸಲಿಲ್ಲ. ಚಪ್ಪಲಿ ಕಚ್ಚುತ್ತಿತ್ತು, ಅಷ್ಟೇ.

ಲಾಡ್ಜಿನ ಯಜಮಾನನಿಗೆ ಹೇಳಿದೆ, ಚಹಾದಂಗಡಿಯವಳಿಗೆ ಹೇಳಿದೆ. ಬಸವಕಲ್ಯಾಣ ನನ್ನ ತವರು. ಪಕ್ಕದ ಮುಸ್ಲಿಂ ಮನೆಯಲ್ಲೇ ಆಡಿ ಬೆಳೆದವಳಾದ್ದರಿಂದ ಅವರ ದಖ್ಖನಿ ಉರ್ದು ನನಗೆ ಕನ್ನಡದಷ್ಟೇ ಸಲೀಸು. ಅಲ್ಲಿ ಅದೇ ಹಿಂದಿಯಾಗಿ ನಡೆಯಿತು. ನನ್ನ ಗಂಡ ಹೇಳುತ್ತಿದ್ದಂತೆಯೇ ಹೇಳುತ್ತಿದ್ದೆ: ಕಾಲು ಕೊಳೆಯಿತು, ಕಡಿಯಬೇಕೆಂದರು, ಪ್ರಾರ್ಥಿಸಿದೆವು, ಯೇಸುಸ್ವಾಮಿ ವಾಸಿ ಮಾಡಿದ. ಪಟ್ಟಿಯ ಮಾತು ನಾನೂ ಎತ್ತಲಿಲ್ಲ. ಡ್ಯೂಟಿ ಮಾಡಿದ ಹಾಗೆ ಒಪ್ಪಿಸಿ ಎದ್ದು ಬರುತ್ತಿದ್ದೆ.

ಕಠ್ಮಂಡುವಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವಳು ನಲವತ್ತರ ಹೆಂಗಸು. ಗಂಡ ಗಾರೆ ಕೆಲಸದವನು, ಸಕ್ಕರೆ ಕಾಯಿಲೆ, ಪಾದದಲ್ಲಿ ಗಾಯ, ಅಲ್ಲಿನ ಆಸ್ಪತ್ರೆಯಲ್ಲಿದ್ದಾನೆ ಅಂದಳು. ನನ್ನವರ ಸಾಕ್ಷಿಗೆ ಇದಕ್ಕಿಂತ ತಕ್ಕ ಕಿವಿ ಎಲ್ಲಿ ಸಿಗುತ್ತಿತ್ತು? ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಈಗ ಹೇಗಿದ್ದಾರೆ ದೀದಿ?" ಅಂದಳು.

"ಚೆನ್ನಾಗಿದ್ದಾರೆ, ಮನೆಯಲ್ಲಿದ್ದಾರೆ" ಅಂದೆ.

ಅದು ಹೇಗೆ ಬಾಯಿಂದ ಬಂತೋ ದೇವರಾಣೆ ಗೊತ್ತಿಲ್ಲ. ಬಂದ ಮೇಲೆ ನಿಲ್ಲಲಿಲ್ಲ. ಜಿಲೇಬಿ ಕದಿಯುತ್ತಾರೆ, ಗಟ್ಟಿಯಾಗಿ ಮಾತಾಡುತ್ತಾರೆ, ನಾನು ಬಂದಾಗಿನಿಂದ ಹೋಟೆಲಿನಲ್ಲಿ ಉಣ್ಣುತ್ತಿದ್ದಾರೆ ಅಂತ ದಾರಿಯುದ್ದಕ್ಕೂ ಹೇಳಿದೆ. ಅವಳು ನಗುತ್ತಿದ್ದಳು. ಆ ಬಸ್ಸು ಇಳಿಯುವವರೆಗೆ ನನ್ನ ಗಂಡ ಬದುಕಿದ್ದರು, ನನಗೆ ಹಾಯೆನಿಸಿತ್ತು. ಇಳಿಯುವಾಗ ನನ್ನ ನಂಬರು ತೆಗೆದುಕೊಂಡಳು.

ವಾಪಸು ಬಂದು ಎರಡು ವಾರವಾಗಿತ್ತು. ಬಸವಕಲ್ಯಾಣದಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಪಕ್ಕದ ಮನೆಯ ಆಪಾ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ನನಗೆ ದಖ್ಖನಿ ಕಲಿಸಿದ ಅಕ್ಕ ಆಕೆಯೇ. ಜೊತೆಗೆ ನಾನೂ ಕುಳಿತಿದ್ದೆ. ಫೋನು ಬಂತು, ವಿಡಿಯೋ ಕಾಲು. ಬಸ್ಸಿನ ಹೆಂಗಸು.

"ದೀದಿ, ಕಾಲು ಕಡಿಯಬೇಕು, ತಡ ಮಾಡಬೇಡಿ ಅಂದರು. ಇವರು ಒಲ್ಲೆ ಅಂದರು. ನಿಮ್ಮ ಯಜಮಾನರ ಕಥೆ ಇವರಿಗೆ ಹೇಳಿದ್ದೆನಲ್ಲ! ನಿನ್ನೆ ಮನೆಗೆ ಕರೆತಂದೆ. ಇಬ್ಬರೂ ಪ್ರಾರ್ಥನೆ ಮಾಡುತ್ತಿದ್ದೇವೆ."

ಫೋನನ್ನು ಅವನ ಕಾಲಿನ ಕಡೆ ತಿರುಗಿಸಿದಳು. ಹಳೆಯ ಸೀರೆಯ ಬಟ್ಟೆ ಸುತ್ತಿತ್ತು, ಹೊರಗೆ ಚಾಚಿದ ಬೆರಳುಗಳು ಕಪ್ಪಾಗಿದ್ದವು. ಮುಖ ಜ್ವರದಿಂದ ಬೆವೆತಿತ್ತು. ನನ್ನ ಗಂಡನ ಕಾಲು ಯಾವತ್ತೂ ಹಾಗಿರಲಿಲ್ಲ. ಇದು ಪಟ್ಟಿಗೆ ಬಗ್ಗುವ ಗಾಯವಲ್ಲ, ಇನ್ನೆರಡು ದಿನ ಹೀಗೇ ಬಿಟ್ಟರೆ ಮನುಷ್ಯನೇ ಉಳಿಯುವುದಿಲ್ಲ ಅನ್ನುವುದು ನೋಡಿದ ತಕ್ಷಣ ತಿಳಿಯಿತು.

"ಭಾಯಿಸಾಬರನ್ನು ತೋರಿಸಿ ದೀದಿ. ಅವರ ಕಾಲು ತೋರಿಸಿ. ನೋಡಿದರೆ ಇವರಿಗೆ ಧೈರ್ಯ ಬರುತ್ತದೆ."

"ಒಳಗೆ ಮಲಗಿದ್ದಾರೆ" ಅಂದೆ.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಆಪಾ ಫೋನಿಗೆ ಕೇಳದ ಹಾಗೆ ಕನ್ನಡದಲ್ಲಿ ಅಂದಳು: "ಯಾಕವಾ ಸುಳ್ಳ್ ಹೇಳಾಕತ್ತಿ? ಭಾಯಿಸಾಬ್ರು ಎಲ್ಲಿ ಮಲ್ಕೊಂಡಾರ ಅಂತ ನನಗ ಗೊತ್ತಿಲ್ಲೇನು? ಆ ಹೆಣಮಗಳ ಗಂಡನ್ನೂ ಅಲ್ಲೇ ಮಲಗಸ್ತೀಯೇನು?"

ನನ್ನ ಮೈಯಲ್ಲಿ ಎಲ್ಲೋ ಒಂದು ಕಡೆ ಚುಚ್ಚಿತು. ಹೇಳಬೇಕಾದದ್ದು ಒಂದೇ ಮಾತು. ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ ಅಂತ ನನಗೇ ಆಗ ಗೊತ್ತಾಯಿತು. ಊರಿನಲ್ಲಿ ಎಲ್ಲರಿಗೂ ಬೇರೆ ಯಾರೋ ಹೇಳಿದ್ದರು.

"ವೋ ಗುಜರ್ ಗಯೇ" ಅಂದೆ. ತೀರಿಕೊಂಡರು. ಬಸ್ಸಿನಲ್ಲಿ ನಿನ್ನ ಜೊತೆ ಕುಳಿತಾಗಲೇ ಅವರು ಇರಲಿಲ್ಲ.

ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಮಾತು ಬರುತ್ತಿರಲಿಲ್ಲ. ಸತ್ತದ್ದು ಕಾಲಿನಿಂದ ಅಲ್ಲ, ಹೃದಯ ನಿಂತು. ಕಾಲು ವಾಸಿಯಾದದ್ದು ನಿಜ. ಆದರೆ ಎಂಟು ತಿಂಗಳು ದಿನಕ್ಕೆರಡು ಸಲ ನಾನು ತೊಳೆದು ಕಟ್ಟಿದ್ದೆ, ನಾನು ನರ್ಸು, ಡಾಕ್ಟರರನ್ನು ಬಿಟ್ಟಿರಲಿಲ್ಲ. ಅದನ್ನು ನಿನಗೆ ಹೇಳಲಿಲ್ಲ, ತಪ್ಪು ನನ್ನದು. ದೇವರು ವಾಸಿ ಮಾಡಿದ ಅಂದದ್ದು ಸುಳ್ಳಲ್ಲ ತಾಯಿ, ಅವನು ಈ ಎರಡು ಕೈಯಿಂದ ಮಾಡಿಸಿದ. ನಿನ್ನ ಗಂಡನಿಗೆ ಬೇರೆಯವರ ಕೈಯಿಂದ ಮಾಡಿಸುತ್ತಾನೆ. ಕಾಲು ಹೋಗಲಿ, ಇವತ್ತೇ ಕರೆದುಕೊಂಡು ಹೋಗು.

"ನೀವು ನಕ್ಕು ನಕ್ಕು ಹೇಳಿದಿರಲ್ಲ ದೀದಿ" ಅಂದಳು. ಅಷ್ಟೇ. ಫೋನು ಕಟ್ಟಾಯಿತು.

ಆಪಾ ನನ್ನ ತೊಡೆಯ ಮೇಲಿದ್ದ ಸೊಪ್ಪನ್ನು ತನ್ನ ಬುಟ್ಟಿಗೆ ಎತ್ತಿಕೊಂಡಳು. "ಛಲೋ ಮಾಡ್ದಿ. ಒಳಗ ನಡಿ, ಚಾ ಕುಡಿ" ಅಂದಳು. ನಾನು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮರುದಿನ ಹುಮನಾಬಾದಿಗೆ ಬಂದೆ, ಅಲ್ಲಿಂದಲೂ ಮಾಡಿದೆ. ಅವಳು ಹೋದಳೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಪ್ರಾರ್ಥನೆಗೆ ಕುಳಿತರೆ ಕಣ್ಣ ಮುಂದೆ ಆ ಕಪ್ಪು ಬೆರಳುಗಳೇ ಬರುತ್ತಿದ್ದವು. ನನ್ನ ಮಾತಿಗೆ ಒಂದು ಜೀವ ಹೋಗುತ್ತದೆ ಅಂತ ಹೆದರಿಕೆಯಾಗುತ್ತಿತ್ತು.

ಐದನೆಯ ದಿನ ವಾಯ್ಸ್ ಮೆಸೇಜ್ ಬಂತು. ಮೊಣಕಾಲಿನ ಕೆಳಗೆ ಕಾಲು ತೆಗೆದರು, ಜ್ವರ ಇಳಿದಿದೆ, ಗಂಜಿ ಕುಡಿದರು ಅಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮೇಲೆ ಅವರಿಗೆ ಭಾಳ ಸಿಟ್ಟು ದೀದಿ. ಸುಳ್ಳುಗಾತಿ ಮುದುಕಿ ಅಂತ ಬೈಯುತ್ತಿದ್ದಾರೆ, ಕೇಳಿ" ಅಂದಳು.

ಹಿಂದಿನಿಂದ ಗಂಡಸಿನ ದನಿ ಕೇಳುತ್ತಿತ್ತು. ನೇಪಾಳಿ, ನನಗೆ ಒಂದಕ್ಷರ ತಿಳಿಯಲಿಲ್ಲ. ಭಾಷೆ ಬಾರದಿದ್ದರೂ ಬೈಗುಳ ಬೈಗುಳವೇ ಅಂತ ಗೊತ್ತಾಗುತ್ತದೆ. ಅವನು ನನ್ನನ್ನು ಬೈದ, ಆಮೇಲೆ ಹೆಂಡತಿಯನ್ನೂ ಬೈದ, ಅವಳು ತಿರುಗಿ ಏನೋ ಅಂದಳು, ಅವನು ಮತ್ತೆ ಜೋರು ಮಾಡಿದ. ಬೈಯಲಿ. ಬೈಯುವುದಕ್ಕೆ ಮನುಷ್ಯ ಇದ್ದಾನಲ್ಲ ಅಂದುಕೊಂಡೆ. ಮೆಸೇಜನ್ನು ಇನ್ನೊಮ್ಮೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಮೂರನೆಯ ಸಲ ಆ ಗಂಡ ಹೆಂಡಿರ ಜಗಳ ಕೇಳುತ್ತ, ನನ್ನವರು ಹೋದ ಮೇಲೆ ಮೊದಲ ಬಾರಿ ನನಗೆ ಅಳು ಬಂತು.